ಹಳೇ ದಾಖಲೆ ಸ್ಕ್ಯಾನ್ ಆದರೆ ಸಾಲದು, ಓದುವವರೂ ಬೇಕು

ಮಾನ್ಯ ಸಂಪಾದಕರೇ,

ತಾಲ್ಲೂಕು ಕಚೇರಿಗಳಲ್ಲಿರುವ ಹಳೇ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿ ಸಂತೋಷವಾಯಿತು. ಗೆದ್ದಲು, ಇಲಿ, ಮಳೆನೀರು, ತಿದ್ದುವವರ ಕೈ, ಇವೆಲ್ಲದರಿಂದ ಆ ಕಾಗದಗಳು ಉಳಿಯಬೇಕು. ಆದರೆ ನಮ್ಮ ಕೊಪ್ಪಳ, ರಾಯಚೂರು ಭಾಗದ ಮಟ್ಟಿಗೆ ಒಂದು ಮಾತು ಹೇಳಲೇಬೇಕಾಗಿದೆ. ನಮ್ಮಲ್ಲಿಯ ಹಳೇ ಕಾಗದಗಳಲ್ಲಿ ಬಹಳಷ್ಟು ಉರ್ದುವಿನಲ್ಲಿವೆ. ಅದೂ ಪುಸ್ತಕದಲ್ಲಿ ಅಚ್ಚಾಗುವಂಥ ಉರ್ದು ಅಲ್ಲ. ಆಗಿನ ಗುಮಾಸ್ತರು ಅವಸರದಲ್ಲಿ ಎಳೆದು ಬರೆದ ಶಿಕಸ್ತಾ ಬರಹ. ಅದನ್ನು ಓದಬಲ್ಲವರು ಈಗ ತೀರಾ ಕಡಿಮೆ, ಇರುವವರಿಗೂ ವಯಸ್ಸಾಗಿದೆ. ಅವರು ಇರುವಾಗಲೇ ಆ ಪುಟಗಳನ್ನು ಓದಿಸಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಈ ಸ್ಕ್ಯಾನಿಂಗ್ ಎಲ್ಲಾ ಬೀಗ ಹಾಕಿದ ಪೆಟ್ಟಿಗೆಯ ಫೋಟೋ ತೆಗೆದಿಟ್ಟಂತೆ ಆಗುತ್ತದೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ತವರು ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿ. ಅವ್ವನ ತವರು ತುಂಗಭದ್ರಾ ಹೊಳೆಯಾಚೆ, ಸಿರುಗುಪ್ಪದ ಕಡೆ. ನಮ್ಮ ಮನೆತನದ ಹಿಂದಿನವರ ಬಗ್ಗೆ ಹುಡುಕಲು ಶುರು ಮಾಡಿದ್ದು ಪೌತಿ ಖಾತೆಯ ಕಾರಣಕ್ಕೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು. ನಮ್ಮ ಒಂದು ಹೊಲದ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ತಮ್ಮನ ಮಗನಿಗೆ ವಂಶವೃಕ್ಷ ಬೇಕಾಯಿತು. ಅಜ್ಜನವರೆಗೆ ಎಲ್ಲರೂ ಹೇಳಿದರು. ಅಜ್ಜನ ಅಪ್ಪ ಬಸಪ್ಪ ಅಂತ ಒಬ್ಬರು, ಈರಪ್ಪ ಅಂತ ಇನ್ನೊಬ್ಬರು. ಮುತ್ತಜ್ಜಿಯ ಹೆಸರಂತೂ ಯಾರಿಗೂ ಗೊತ್ತಿರಲಿಲ್ಲ. "ಆಯಿ ಅಂತಿದ್ರು" ಎಂದಷ್ಟೇ ಹೇಳಿದರು. ಕಾಗದದ ಕೆಲಸ ಹೇಗೋ ಮುಗಿಯಿತು. ನನಗೆ ಮಾತ್ರ ಸುಮ್ನೆ ಕೂರಲು ಆಗಲಿಲ್ಲ.

ನಮ್ಮ ಕಡೆ ಹೆಸರಿನ ಗೊಂದಲ ಜಾಸ್ತಿ. ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ಹಾಗಾಗಿ ಬಸಪ್ಪನ ಮಗ ಈರಪ್ಪ, ಈರಪ್ಪನ ಮಗ ಬಸಪ್ಪ, ಮತ್ತೆ ಅವನ ಮಗ ಈರಪ್ಪ ಎಂದು ಸಾಲು ಹೋಗುತ್ತದೆ. ಯಾವ ಕಾಗದದಲ್ಲಿರುವುದು ಯಾವ ಬಸಪ್ಪ ಎಂದು ತಿಳಿಯಬೇಕಾದರೆ ಸರ್ವೆ ನಂಬರೂ ಬೇಕು, ಫಸಲಿ ಎಂಬ ಹಳೇ ಕಂದಾಯದ ವರ್ಷವೂ ಬೇಕು. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. 1331 ಫಸಲಿ ಅಂದರೆ 1921-22. ಇದೊಂದು ಲೆಕ್ಕ ಗೊತ್ತಿದ್ದರೆ ಅರ್ಧ ಗಂಟು ಬಿಚ್ಚಿದ ಹಾಗೆ.

ನಮ್ಮ ಭಾಗದ ದಾಖಲೆಗಳ ಹಣೆಬರಹವೇ ಬೇರೆ ಥರ. ಹೊಳೆಯ ಈ ದಂಡೆ ನಿಜಾಮರದು, ಆ ದಂಡೆ ಮದ್ರಾಸಿನದು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಅಲ್ಲಿ ಮನ್ರೋ ಸಾಹೇಬರು ಬಂದು ರೈತವಾರಿ ಪದ್ಧತಿಯಲ್ಲಿ ಹೊಲ ಹೊಲ ಅಳೆಸಿ, ರೈತರ ಹೆಸರಿಗೇ ಕಂದಾಯ ಕಟ್ಟಿದರು. ಈ ಕಡೆ ಕೃಷ್ಣಾ, ತುಂಗಭದ್ರಾ ನಡುವಿನ ರಾಯಚೂರು ದೋಆಬ್ 1853ರಿಂದ 1860ರವರೆಗೆ ಮಾತ್ರ ಇಂಗ್ಲಿಷರ ಕೈಯಲ್ಲಿತ್ತು, ಆಮೇಲೆ ಮತ್ತೆ ಹೈದರಾಬಾದಿಗೆ ಸೇರಿತು. ಕೊಪ್ಪಳವಂತೂ ಹೈದರಾಬಾದಿನ ದಿವಾನರ ಮನೆತನವಾದ ಸಾಲಾರ್ ಜಂಗರ ಜಹಗೀರು. 1949ರಲ್ಲಿ ಜಹಗೀರುಗಳು ರದ್ದಾದವು. ಇಷ್ಟು ಕೈ ಬದಲಾದಾಗ ಕಾಗದಗಳು ಒಂದೇ ಕಡೆ ಉಳಿಯುವುದಾದರೂ ಹೇಗೆ? ಹೊಲದ ಅಳತೆಯೂ ಬೇರೆ. ನಮ್ಮ ದಂಡೆಯಲ್ಲಿ ಎಕರೆಗೆ 40 ಗುಂಟೆ. ಅವ್ವನ ದಂಡೆಯಲ್ಲಿ ಎಕರೆಗೆ 100 ಸೆಂಟ್ಸ್. ಈ ಕಡೆ ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಆ ಕಡೆ ಇಂಗ್ಲಿಷರ ಕಲ್ದಾರ್ ರೂಪಾಯಿ. ಎರಡೂ ಕಡೆ ಬೀಗತನ ಇಟ್ಟುಕೊಂಡ ನಮ್ಮಂಥ ಮನೆಗಳು ಎಷ್ಟೋ ಇವೆ. ಅವರೆಲ್ಲರ ಕಥೆ ಎರಡು ಸರ್ಕಾರಗಳ ಕಾಗದದಲ್ಲಿ ಹರಿದು ಹಂಚಿಹೋಗಿದೆ.

ತವರಿನ ಕಡೆಯ ಹಳೇ ಕಾಗದಗಳಿಗಾಗಿ ನಾನು ಒಂದು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟೆ. ಮೊದಲು ಸಿಕ್ಕ ಉತ್ತರ, "ಅವೆಲ್ಲಾ ಹಾಳಾಗ್ಯಾವ್ರಿ." ಹಾಳಾಗಿರಲಿಲ್ಲ. ಕೆಂಪು ಬಟ್ಟೆಯ ಗಂಟಿನಲ್ಲಿ ಇದ್ದವು. ಬಿಚ್ಚಿದರೂ ಓದುವವರಿಲ್ಲದ್ದರಿಂದ ಯಾರೂ ಬಿಚ್ಚುತ್ತಿರಲಿಲ್ಲ. ನಕಲು ಕೈಗೆ ಬಂದಾಗ ನನಗೂ ಒಂದಕ್ಷರ ಗೊತ್ತಾಗಲಿಲ್ಲ. ಊರಿನ ಉರ್ದು ಶಾಲೆಯ ಮೇಷ್ಟ್ರ ಹತ್ತಿರ ಹೋದೆ. ಅವರು ಊರಿನ ಹೆಸರು, ಒಂದೆರಡು ಮಾತು ಗುರುತಿಸಿದರು. "ಅಕ್ಷರ ನಮ್ದೇ ಮೇಡಂ, ಆದ್ರ ಈ ಬರವಣಿಗೆ ನಮಗ ಬರಂಗಿಲ್ಲ" ಎಂದು ಪ್ರಾಮಾಣಿಕವಾಗಿ ಹೇಳಿ, ಕಂದಾಯ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರ ಮನೆ ತೋರಿಸಿದರು.

ಆ ಹಿರಿಯರಿಗೆ ಎಂಬತ್ತು ದಾಟಿದೆ. ಭೂತಗನ್ನಡಿ ಹಿಡಿದು, ಬೆರಳಿನಿಂದ ಗೆರೆ ಹಿಂಬಾಲಿಸುತ್ತಾ ಓದಿದರು. ದುಡ್ಡಿನ ಮೊತ್ತವನ್ನು ಅಂಕಿಯಲ್ಲಿ ಬರೆದಿರಲಿಲ್ಲ, ರಕಂ ಎಂಬ ಬೇರೆಯೇ ಗುರುತುಗಳಲ್ಲಿ ಬರೆದಿದ್ದರು. ಅದೂ ಅವರಿಗೆ ಬರುತ್ತದೆ. ಸೇತ್ವಾರ್, ವಸೂಲ್ ಬಾಕಿ, ಫೈಸಲ್ ಪಟ್ಟಿ ಎಂದು ಒಂದೊಂದೇ ಕಾಗದದ ಹೆಸರು ಹೇಳಿ, ಯಾವುದರಲ್ಲಿ ಏನು ಸಿಗುತ್ತದೆ ಎಂದು ತಿಳಿಸಿಕೊಟ್ಟರು. ಕೊನೆಗೆ ಒಂದು ವಿರಾಸತ್ ನಮೂದು ಓದಿದರು. ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರು ಹತ್ತಿಸಿದ ನಮೂದು ಅದು. 1346 ಫಸಲಿ, ಅಂದರೆ 1936-37. "ನಿಂಗಮ್ಮ, ಬೇವಾ ಬಸಪ್ಪ." ಬಸಪ್ಪನ ವಿಧವೆ ನಿಂಗಮ್ಮ. ಜೊತೆಗೆ ಇಬ್ಬರು ಸಣ್ಣ ಗಂಡುಮಕ್ಕಳು.

ನಮ್ಮ ಮನೆಯಲ್ಲಿ ಹೇಳುತ್ತಾ ಬಂದ ಕಥೆ ಬೇರೆ ಇತ್ತು. ನಿಜಾಮರ ಪರ ನಿಂತ ರಜಾಕಾರರ ಹಾವಳಿಯಲ್ಲಿ ಮುತ್ತಜ್ಜ ಮನೆಮಂದಿಯನ್ನೆಲ್ಲಾ ಕರೆದುಕೊಂಡು, ಹೊಳೆ ದಾಟಿಸಿ, ಕಂಪ್ಲಿ ಕಡೆ ಇಟ್ಟು ಕಾಪಾಡಿದ ಎಂದು. ಆಗ ಈ ಕಡೆಯ ಎಷ್ಟೋ ಮನೆಗಳು ಹಾಗೆ ಗಡಿ ದಾಟಿದ್ದು ನಿಜ. ಆದರೆ ಮುತ್ತಜ್ಜ ಅದಕ್ಕೂ ಹತ್ತು ವರ್ಷ ಮೊದಲೇ ತೀರಿಹೋಗಿದ್ದ. ಹೊಳೆ ದಾಟಿಸಿದ್ದು ಮುತ್ತಜ್ಜಿ ನಿಂಗಮ್ಮ. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿದ ಮೇಲೆ ಮರಳಿ ಬಂದು, ಬೀಳು ಬಿದ್ದ ಹೊಲ ಹಸನು ಮಾಡಿಸಿದ್ದೂ ಅವಳೇ. 1954-55ರ ಖಾಸ್ರಾ ಪಹಣಿ ತೆಗೆಸಿ ನೋಡಿದೆ. ಪಟ್ಟೇದಾರರ ಕಾಲಮಿನಲ್ಲಿ ಅವಳ ಹೆಸರೇ ಇದೆ. ಸಾಗುವಳಿ ಮಾಡುವವರ ಕಾಲಮಿನಲ್ಲೂ ಅವಳ ಹೆಸರೇ. ಆಮೇಲೆ ನಮ್ಮಜ್ಜನ ಹೆಸರಿಗೆ ಖಾತೆ ಬದಲಾಯಿತು. ಅಲ್ಲಿಂದಾಚೆ ಅವಳು ಮನೆಯ ಮಾತಿನಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ.

ಇದನ್ನು ಕೇಳಿ ನಮ್ಮ ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಈಗ ನಮ್ಮ ವಂಶವೃಕ್ಷದಲ್ಲಿ ಅವಳ ಹೆಸರು ಬರೆದಿದ್ದೇವೆ. ಆ ಹಿರಿಯರು ಇರದಿದ್ದರೆ ಆ ಹೆಸರು ನಮಗೆ ಸಿಗುತ್ತಲೇ ಇರಲಿಲ್ಲ. ನಾನು ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಹಳೇ ಕಾಗದದಲ್ಲಿ ಹೆಣ್ಣುಮಕ್ಕಳನ್ನು ಹುಡುಕುವುದು ಬಹಳ ಕಷ್ಟ. ಮಗಳಾಗಿ ಅವಳ ಹೆಸರು ಎಲ್ಲೂ ಬರುವುದಿಲ್ಲ. ಆಸ್ತಿ ಗಂಡುಮಕ್ಕಳಿಗೆ ಹೋಗುತ್ತಿತ್ತು, ಹೆಸರೂ ಅವರದೇ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲು ಎಂದು ಕರ್ನಾಟಕದಲ್ಲಿ ಕಾನೂನು ಜಾರಿಯಾದದ್ದು 1994ರಲ್ಲಿ, ಅದೂ ಆಗ ಮದುವೆಯಾಗದೇ ಇದ್ದವರಿಗೆ. ದೇಶಕ್ಕೆಲ್ಲಾ ಬಂದದ್ದು 2005ರಲ್ಲಿ. ಅದಕ್ಕೂ ಹಿಂದಿನ ಹೆಣ್ಣುಮಕ್ಕಳು ಕಾಗದದಲ್ಲಿ ಕಾಣುವುದು ವಿಧವೆಯಾದಾಗ, ಇಲ್ಲವೇ ಸಣ್ಣ ಮಗನ ಪರವಾಗಿ ಹೆಬ್ಬೆಟ್ಟು ಒತ್ತಿದಾಗ, ಇಲ್ಲವೇ ತವರಿನವರು ಉಡಿ ತುಂಬಿ ಹೊಲ ಕೊಟ್ಟಾಗ. ಹಾಗಾಗಿ ದಾಖಲೆಗಳ ಹೆಸರಿನ ಪಟ್ಟಿ ಮಾಡುವಾಗ ಬರೀ ಖಾತೆದಾರನ ಹೆಸರು ಹಾಕಿ ಕೈತೊಳೆದುಕೊಳ್ಳಬಾರದು. ಒಳಗೆ ಬರುವ ವಿಧವೆ, ಪೋಷಕಿ, ಮಾರಿದವಳು, ಕೊಂಡವಳು, ಎಲ್ಲರ ಹೆಸರೂ ಪಟ್ಟಿಗೆ ಬರಬೇಕು.

ಅವ್ವನ ಕಡೆಯ ಹುಡುಕಾಟ ಇಷ್ಟು ಕಷ್ಟವಾಗಲಿಲ್ಲ. ಅವರಿಗೆ ಹನುಮಂತದೇವರ ಗುಡಿಯ ಸೇವೆಗೆ ಸ್ವಲ್ಪ ಮಾನ್ಯದ ಹೊಲ, ಅಂದರೆ ಸೇವೆಗಾಗಿ ಬಿಟ್ಟುಕೊಟ್ಟ ಇನಾಮು ಹೊಲ ಇತ್ತು. ಮದ್ರಾಸ್ ಸರ್ಕಾರ 1858ರಲ್ಲಿ ಇನಾಂ ಕಮಿಷನ್ ಮಾಡಿ, ಊರೂರಿನ ಇನಾಮುಗಳನ್ನು ವಿಚಾರಿಸಿ ರಿಜಿಸ್ಟರಿನಲ್ಲಿ ಬರೆಸಿತ್ತು. ಹೊಲ ಯಾರ ಕೈಲಿದೆ, ಅವನ ವಯಸ್ಸೆಷ್ಟು, ಎಲ್ಲಿರುತ್ತಾನೆ, ಹೊಲ ಅವನಿಗೆ ಹೇಗೆ ಬಂತು ಎಂದು ಕೇಳಿ ಬರೆದಿದ್ದಾರೆ. ಹೀಗಾಗಿ ಧಾತು ಈಶ್ವರ ಬರಕ್ಕಿಂತ ಮೊದಲಿನ ಮನುಷ್ಯನೊಬ್ಬ ವಯಸ್ಸಿನ ಸಮೇತ ಸಿಕ್ಕ. 1876ರಿಂದ 78ರವರೆಗಿನ ಆ ಬರದಲ್ಲಿ ಬಳ್ಳಾರಿ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು, ಊರು ಬಿಟ್ಟರು. ಅದರ ಹಿಂದಕ್ಕೆ ಹೋಗಿ ಒಂದು ಹೆಸರು ಮುಟ್ಟುವುದು ಸಣ್ಣ ಮಾತಲ್ಲ.

ಆ ಕಡೆಯ ಕ್ರಯಪತ್ರಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಜನರಿಗೆ ಇದರ ಬೆಲೆ ಗೊತ್ತಿಲ್ಲ. ಹೊಲ ಮಾರಿದ ಕಾಗದದಲ್ಲಿ ಏನಿರುತ್ತದೆ ಅಂದುಕೊಳ್ಳುತ್ತೇವೆ. ಮಾರಿದವನ ಅಪ್ಪನ ಹೆಸರು, ಜಾತಿ, ಕಸುಬು, ವಯಸ್ಸು, ಊರು ಇರುತ್ತದೆ. ಯಾಕೆ ಮಾರಿದ ಅಂತಲೂ ಬರೆದಿರುತ್ತಾರೆ. ಮಗಳ ಮದುವೆಗೆ, ಸಾಲಕ್ಕೆ, ಎತ್ತು ಕೊಳ್ಳಲು. ಎಲ್ಲಕ್ಕಿಂತ ಮುಖ್ಯ ಚಕ್ಕುಬಂದಿ. ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾರ ಹೊಲ ಎಂದು ನಾಲ್ಕೂ ದಿಕ್ಕು ಬರೆದಿರುತ್ತಾರೆ. ಹೊಲ ಪಾಲಾಗುವುದು ಅಣ್ಣತಮ್ಮಂದಿರ ನಡುವೆಯೇ ಅಲ್ವಾ? ಹಾಗಾಗಿ ಚಕ್ಕುಬಂದಿಯಲ್ಲಿ ದಾಯಾದಿಗಳು ಸಿಗುತ್ತಾರೆ. ಅವ್ವನ ಅಜ್ಜನ ಕ್ರಯಪತ್ರದಲ್ಲಿ "ಮೂಡಲಿಗೆ ನನ್ನ ತಮ್ಮನ ಭಾಗದ ಹೊಲ" ಎಂದಿತ್ತು. ಅಜ್ಜನಿಗೆ ತಮ್ಮ ಇದ್ದ ಅಂತ ನಮಗೆ ಗೊತ್ತೇ ಇರಲಿಲ್ಲ. ಆತನ ಮನೆಯವರು ಆದೋನಿ ಕಡೆ ಹೋಗಿ ನೆಲೆಸಿದ್ದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಡುವೆ ಗಡಿ ಬಿತ್ತು, ಹೋಗಿಬರುವುದು ನಿಂತಿತು. ಈಗ ಅವರ ಮನೆಯ ಮದುವೆ ಕಾರ್ಡ್ ನಮಗೆ ಬರುತ್ತದೆ. ಅವರು ತೆಲುಗು ಮಾತಾಡುತ್ತಾರೆ, ಮನೆದೇವರು ಮಾತ್ರ ನಮ್ಮದೇ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಸರಿನ ಸೂಚಿಯೂ ಇದೆ, ಆಸ್ತಿಯ ಸೂಚಿಯೂ ಇದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ಪತ್ರಗಳ ಮೊದಲನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. "ನಿಮಗೆ ಏನು ಸಂಬಂಧ?" ಎಂದು ಕೇಳುವಂತಿಲ್ಲ. ಈ ವಿಷಯ ಜನರಿಗೂ ತಿಳಿದಿಲ್ಲ, ಕೆಲವು ಕಡೆ ಕೌಂಟರಿನಲ್ಲಿ ಕುಳಿತವರಿಗೂ ತಿಳಿದಿಲ್ಲ.

ಹೊಲ ಇದ್ದವರಿಗೆ ಮಾತ್ರ ಈ ಹುಡುಕಾಟ ಎಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ನೋವಿನ ಸತ್ಯ ಇದೆ. ಆದರೆ ಹೊಲ ಇಲ್ಲದವರ ಹಿರಿಯರೂ ಕಾಗದದಲ್ಲಿದ್ದಾರೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಭೂ ನ್ಯಾಯಮಂಡಳಿಯ ಮುಂದೆ ನಿಂತು, ಈ ಹೊಲ ನಮ್ಮಪ್ಪ ಮಾಡುತ್ತಿದ್ದ, ಅದಕ್ಕೂ ಮೊದಲು ನಮ್ಮಜ್ಜ ಮಾಡುತ್ತಿದ್ದ ಎಂದು ಹೇಳಿಕೆ ಕೊಟ್ಟರು. ಓದು ಬರಹ ಬಾರದ ಮನುಷ್ಯರ ಮಾತು ಆ ಫೈಲುಗಳಲ್ಲಿ ಹಾಗೇ ಬರೆದಿಟ್ಟಿದೆ. ಹಾಗೆಯೇ ತಳವಾರಿಕೆ, ಊರ ಚಾಕರಿಯ ಇನಾಮು ಜಮೀನುಗಳು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಜಾರಿಯಾದ ಮೇಲೆ ಆ ಜಮೀನುಗಳ ಮರುಮಂಜೂರಾತಿಗೆ ಅರ್ಜಿ ಹಾಕಿದವರು ತಮ್ಮ ವಂಶಾವಳಿ ತೋರಿಸಬೇಕಾಯಿತು. ಎಷ್ಟೋ ದಲಿತ ಮನೆಗಳಿಗೆ, ತಳವಾರರ ಮನೆಗಳಿಗೆ ಹಿಂದಿನವರ ಹೆಸರು ಬರಹದಲ್ಲಿ ಸಿಗುವುದು ಆ ಫೈಲುಗಳಲ್ಲೇ. ಸ್ಕ್ಯಾನ್ ಮಾಡುವವರು ಇವನ್ನು ಕೊನೆಗೆ ತಳ್ಳದೆ ಮೊದಲೇ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಕಳಕಳಿಯ ಕೋರಿಕೆ. ತುಂಗಭದ್ರಾ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳ ಪರಿಹಾರದ ಕಾಗದಗಳೂ ಅಷ್ಟೇ ಮುಖ್ಯ. ಅಲ್ಲಿ ಊರೇ ಇಲ್ಲ, ಕಾಗದ ಒಂದೇ ಉಳಿದಿರುವುದು.

ಕಾಗದಕ್ಕೂ ಮೊದಲು ನಮ್ಮಲ್ಲಿ ಹೆಳವರು ಇದ್ದರು, ಈಗಲೂ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ಮನೆಮುಂದೆ ನಿಂತು ವಂಶಾವಳಿ ಹಾಡುತ್ತಿದ್ದರು. ಈಗ ಗಾಡಿಯಲ್ಲಿ ಬರುತ್ತಾರೆ, ಕೈಯಲ್ಲಿ ದಪ್ಪ ಪುಸ್ತಕ ಇರುತ್ತದೆ. ನಮ್ಮ ಮನೆಗೆ ಬರುವ ಹೆಳವರು ಮುದಗಲ್ಲಿನಿಂದ ಶುರು ಮಾಡುತ್ತಾರೆ. ನಾವು ಅಲ್ಲಿಂದ ಬಂದವರಂತೆ. ಹಾಡಿಗಾಗಿ ಹಾಗೆ ಹೇಳುತ್ತಾರೆ ಎಂದು ಮನೆಯಲ್ಲಿ ಯಾರೂ ನಂಬಿರಲಿಲ್ಲ. 1331 ಫಸಲಿಯ ಒಂದು ಖರೀದಿ ಕಾಗದದಲ್ಲಿ ಬಸಪ್ಪನ ಅಪ್ಪನ ಹೆಸರಿನ ಮುಂದೆ ಅವನ ಮೊದಲ ಊರು ಮುದಗಲ್ಲು ಎಂದೇ ಇದೆ. ಈ ಹೆಳವರ ಪುಸ್ತಕಗಳನ್ನೂ ಅವರ ಒಪ್ಪಿಗೆ ಪಡೆದು, ಅವರಿಗೆ ತಕ್ಕ ಗೌರವಧನ ಕೊಟ್ಟು ಪ್ರತಿ ಮಾಡಿಕೊಳ್ಳಬೇಕು. ಅದು ಅವರ ಹೊಟ್ಟೆಪಾಡು. ಸುಮ್ನೆ ಕಿತ್ತುಕೊಳ್ಳುವುದು ತಪ್ಪು. ಹಳೇ ಪಟೇಲರು, ಕುಲಕರ್ಣಿಗಳ ಮನೆಯ ಅಟ್ಟದ ಮೇಲಿರುವ ದಫ್ತರಗಳಿಗೂ ಇದೇ ಮಾತು. ಕೇಸ್ ಹಾಕುತ್ತಾರೆ, ಜಪ್ತಿ ಮಾಡುತ್ತಾರೆ ಎಂದು ಹೆದರಿ ಎಷ್ಟೋ ಮನೆಯವರು ಅವನ್ನು ಒಲೆಗೆ ಹಾಕಿದ್ದನ್ನು ನಾನು ಕೇಳಿದ್ದೇನೆ. ಸ್ಕ್ಯಾನ್ ಮಾಡಿ ಅವರದ್ದನ್ನು ಅವರಿಗೇ ವಾಪಸ್ ಕೊಡುತ್ತೇವೆ ಎಂದು ಸರ್ಕಾರ ಬರೆದು ಕೊಡಲಿ.

ಹಳೇ ಕಾಗದ ಕೇಳಿದವರನ್ನು ನಮ್ಮ ಜನ ಅನುಮಾನದಿಂದ ನೋಡುತ್ತಾರೆ. "ಅಕ್ಕಾ, ಪಾಲು ಕೇಳಾಕ ಹೊಂಟೀಯೇನ?" ಎಂದು ನನ್ನ ತಮ್ಮನ ವಾರಿಗೆಯವನೊಬ್ಬ ಮುಖಕ್ಕೇ ಕೇಳಿದ. ಬೇಸರವಾಯಿತು. ಆದರೆ ಅವನ ಭಯಕ್ಕೂ ಕಾರಣ ಇದೆ. ಹೊಲದ ಬೆಲೆ ಏರಿದೆ, ದಾಯಾದಿ ಕೇಸುಗಳು ತುಂಬಿವೆ. ಎಲ್ಲವನ್ನೂ ಬಿಚ್ಚಿಟ್ಟರೆ ಜಗಳ ಹೆಚ್ಚುತ್ತದೆ ಎಂದು ಅಧಿಕಾರಿಗಳೂ ಹೇಳಬಹುದು. ನನ್ನ ಅನುಭವ ಬೇರೆ. ಜಗಳ ಹೆಚ್ಚಾಗುವುದು ಒಬ್ಬರ ಕೈಯಲ್ಲಿ ಮಾತ್ರ ಕಾಗದ ಇದ್ದಾಗ, ಉಳಿದವರಿಗೆ ಅದನ್ನು ಓದಲು ಬಾರದಿದ್ದಾಗ. ಇಂದಿನ ಪಹಣಿ ಹೇಗೂ ಭೂಮಿ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಹಾಗಿದ್ದ ಮೇಲೆ ರಾಜ್ಯ ಒಂದಾದ 1956ಕ್ಕಿಂತ ಹಿಂದಿನ ದಾಖಲೆಗಳನ್ನು ವಂಶದ ಹುಡುಕಾಟಕ್ಕೆ, ಊರಿನ ಇತಿಹಾಸಕ್ಕೆ ತೆರೆದಿಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಮಾಡಬೇಕಾದ ಕೆಲಸಕ್ಕೆ ದೊಡ್ಡ ಹಣವೂ ಬೇಡ. ನಮ್ಮ ಊರುಗಳಲ್ಲಿ ಉರ್ದು ಮಾಧ್ಯಮದಲ್ಲಿ, ಮದರಸಾಗಳಲ್ಲಿ ಓದಿದ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಕನ್ನಡವೂ ಚೆನ್ನಾಗಿ ಬರುತ್ತದೆ. ಅವರಿಗೆ ಕಲಿಯಬೇಕಾಗಿರುವುದು ಶಿಕಸ್ತಾ ಬರಹ, ರಕಂ, ಮತ್ತು ಕಂದಾಯದ ಮಾತುಗಳು. ಈಗ ಉಳಿದಿರುವ ಹಿರಿಯರನ್ನು ಗುರುತಿಸಿ, ಗೌರವಧನ ಕೊಟ್ಟು, ಈ ಮಕ್ಕಳಿಗೆ ಕಲಿಸಲು ಕೂರಿಸಬೇಕು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗವೇ ಇದೆ, ನಮಗೆ ಹತ್ತಿರ. ಅವರು ಮುಂದೆ ಬಂದರೆ ಒಂದು ಸರ್ಟಿಫಿಕೇಟ್ ಕೋರ್ಸ್ ನಡೆಸಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳಿಗೆ ಕೊಡುವ ಹಣದಲ್ಲಿ ಸ್ವಲ್ಪ ಇದಕ್ಕೂ ಕೊಡಲಿ. ಆ ಮಕ್ಕಳಿಗೆ ಉದ್ಯೋಗವೂ ಆಗುತ್ತದೆ. ಕೋರ್ಟು, ಸರ್ವೆ, ತಾಲ್ಲೂಕು ಕಚೇರಿ, ಎಲ್ಲಾ ಕಡೆ ಈಗಲೇ ಇಂಥವರು ಬೇಕಾಗಿದ್ದಾರೆ.

ಇನ್ನೊಂದು ತೊಂದರೆಯನ್ನು ತಕ್ಷಣ ಸರಿಪಡಿಸಬಹುದು. ಕೊಪ್ಪಳ ಮೊದಲು ರಾಯಚೂರು ಜಿಲ್ಲೆಯಲ್ಲಿತ್ತು. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿ ಹೊಸ ತಾಲ್ಲೂಕುಗಳಾದವು. ಬಳ್ಳಾರಿಯಿಂದ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಪ್ರತಿ ಸಲವೂ ಒಂದಷ್ಟು ಗಂಟು ಹೊಸ ಕಚೇರಿಗೆ ಹೋಗುತ್ತವೆ, ಒಂದಷ್ಟು ಹಳೇ ಕಡೆಯೇ ಉಳಿಯುತ್ತವೆ. ಜನ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಬಸ್ ಖರ್ಚು ಮಾಡಿಕೊಂಡು ಅಲೆಯುತ್ತಾರೆ. ಯಾವ ಊರಿನ, ಯಾವ ಕಾಲದ ದಾಖಲೆ ಎಲ್ಲಿದೆ ಎಂದು ಪ್ರತಿ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಒಂದು ಪಟ್ಟಿ ಅಂಟಿಸಲಿ. ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರ, ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರ, ಈ ಎರಡು ಕಡೆ ನಮ್ಮ ಜಿಲ್ಲೆಗಳ ಕಾಗದ ಏನೇನಿವೆ ಎಂಬ ಪಟ್ಟಿಯನ್ನೂ ಸರ್ಕಾರ ತರಿಸಿಕೊಡಲಿ.

ನನಗೆ ಓದಿಕೊಟ್ಟ ಹಿರಿಯರನ್ನು ಕೇಳಿದೆ, ನೀವು ಕಲಿಸುತ್ತೀರಾ ಎಂದು. "ಕೂಡಾಕ ಒಂದು ಖೋಲಿ, ಒಂದು ಟೇಬಲ್, ಬೆಳಕು ಚಲೋ ಇರಬೇಕು. ಉಳಿದದ್ದು ನಾ ನೋಡ್ಕೋತೀನಿ" ಎಂದರು. ಅವರು ಹೇಳಿಕೊಟ್ಟ ಕಂದಾಯದ ಮಾತುಗಳನ್ನು ಅರ್ಥ ಸಮೇತ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕೊಪ್ಪಳ ಅಥವಾ ರಾಯಚೂರು ಜಿಲ್ಲಾಡಳಿತ ಈ ಕೆಲಸ ಕೈಗೆತ್ತಿಕೊಂಡರೆ ಅದರ ಪ್ರತಿ ಕೊಡುತ್ತೇನೆ. ಬೇಕಿದ್ದರೆ ಬಂದು ಕೂತು ಹೆಸರಿನ ಪಟ್ಟಿ ಬರೆಯಲೂ ನಾನು ತಯಾರಿದ್ದೇನೆ.

ಇಂತಿ,
ನಿವೃತ್ತ ಶಿಕ್ಷಕಿ
ಗಂಗಾವತಿ, ಕೊಪ್ಪಳ ಜಿಲ್ಲೆ